ಆಸ್ತಿಯಿಲ್ಲದ ತರುಣನೂ ಸರ್ಕಾರದ ಹೊಣೆಯೂ: ಸಣ್ಣ ಉದ್ಯಮದ ಸಾಲದ ಇತಿಹಾಸದಿಂದ ಕೆಲವು ವಿಚಾರಗಳು

ಸರ್ಕಾರದ ಹೊಣೆಯುಳ್ಳ ಸಾಲವೆಂಬ ಮಾತು ಈಚಿನ ವರ್ಷಗಳಲ್ಲಿ ನಮ್ಮ ಕಾಲೇಜುಗಳಲ್ಲಿ ಪದೇ ಪದೇ ಕೇಳಿಬರುತ್ತಿದೆ. ಪದವಿ ಪಡೆದು ಹೊರಬರುವ ವಿದ್ಯಾರ್ಥಿಗೆ, ನೌಕರಿಯನ್ನು ಅರಸುವ ಬದಲು ಸ್ವಂತ ಉದ್ಯಮವೊಂದನ್ನು ಆರಂಭಿಸೆಂದು ಉಪದೇಶಿಸುವವರು ಅನೇಕರು. ಅದಕ್ಕೆ ಬೇಕಾದ ಹಣವನ್ನು ಬ್ಯಾಂಕು ಕೊಡುವುದೆಂದೂ, ಆ ಸಾಲಕ್ಕೆ ಜಾಮೀನು ಬೇಡವೆಂದೂ, ಸರ್ಕಾರವೇ ಹೊಣೆ ನಿಲ್ಲುವುದೆಂದೂ ಅವರು ಹೇಳುತ್ತಾರೆ. ಈ ಮಾತು ಸುಳ್ಳಲ್ಲ. ಆದರೆ ಅದನ್ನು ನಂಬಿ ಬ್ಯಾಂಕಿನ ಶಾಖೆಗೆ ಹೋದ ತರುಣನಿಗೆ, ‘ನಿಮ್ಮ ತಂದೆಯವರ ಹೆಸರಿನಲ್ಲಿ ಏನಿದೆ?’ ಎಂಬ ಪ್ರಶ್ನೆ ಎದುರಾಗುವುದೂ ಸುಳ್ಳಲ್ಲ. ಪರಸ್ಪರ ವಿರುದ್ಧವಾದ ಈ ಎರಡು ಸಂಗತಿಗಳು ಒಂದೇ ವ್ಯವಸ್ಥೆಯಲ್ಲಿ ಹೇಗೆ ಜೊತೆಯಾಗಿ ನಿಂತಿವೆ ಎಂಬುದನ್ನು ಇತಿಹಾಸದ ಬೆಳಕಿನಲ್ಲಿ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ. ಯೋಜನೆಗಳ ಪೂರ್ಣ ಪಟ್ಟಿಯನ್ನು ಕೊಡುವುದು ಇಲ್ಲಿನ ಉದ್ದೇಶವಲ್ಲ. ಅಂತಹ ಪಟ್ಟಿಗಳು ಬೇರೆಡೆ ಹೇರಳವಾಗಿ ದೊರೆಯುತ್ತವೆ.

ಹೊಣೆಯೆಂಬ ಪದಕ್ಕೆ ಒಂದೇ ಅರ್ಥವಿಲ್ಲವೆಂಬುದನ್ನು ಮೊದಲು ಗಮನಿಸಬೇಕು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಸಾಲದ ವ್ಯವಹಾರವನ್ನು ವಿಸ್ತಾರವಾಗಿ ಚರ್ಚಿಸುತ್ತದೆ. ಅಲ್ಲಿ ಹೊಣೆಗಾರನಿಗೆ ಪ್ರತಿಭೂ ಎಂದು ಹೆಸರು. ಹೊಣೆಯಲ್ಲಿ ಮೂರು ಬಗೆ. ಸಾಲ ಪಡೆದವನನ್ನು ಬೇಕಾದಾಗ ತಂದು ನಿಲ್ಲಿಸುತ್ತೇನೆಂಬುದು ದರ್ಶನದ ಹೊಣೆ. ಇವನು ನಂಬತಕ್ಕವನು, ಮೋಸ ಮಾಡುವವನಲ್ಲ ಎಂದು ಭರವಸೆ ಕೊಡುವುದು ಪ್ರತ್ಯಯದ ಹೊಣೆ. ಇವನು ಕೊಡದಿದ್ದರೆ ನಾನೇ ಕೊಡುತ್ತೇನೆಂಬುದು ದಾನದ ಹೊಣೆ. ಮೊದಲೆರಡು ಬಗೆಯ ಹೊಣೆಗಾರರು ಸತ್ತರೆ ಅವರ ಮಕ್ಕಳು ಆ ಭಾರವನ್ನು ಹೊರಬೇಕಾಗಿಲ್ಲ. ಮೂರನೆಯವನ ಮಕ್ಕಳು ಹೊರಬೇಕು. ಒತ್ತೆಯಿಟ್ಟು ಪಡೆದ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲೊಂದು ಪಾಲು, ಎಂದರೆ ವರ್ಷಕ್ಕೆ ನೂರಕ್ಕೆ 15ರಷ್ಟು ಬಡ್ಡಿ. ಒತ್ತೆಯಿಲ್ಲದ ಸಾಲಕ್ಕೆ ಪಡೆಯುವವನ ವರ್ಣಕ್ಕನುಸಾರವಾಗಿ ತಿಂಗಳಿಗೆ ನೂರಕ್ಕೆ 2ರಿಂದ 5ರವರೆಗೆ. ಇಲ್ಲದವನಿಗೆ ಸಾಲವು ದುಬಾರಿಯೆಂಬ ನಿಯಮವು ಇಷ್ಟು ಹಳೆಯದು. ಈ ಮೂರು ಬಗೆಗಳ ಭೇದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಆಧುನಿಕ ಸರ್ಕಾರದ ಸಾಲಯೋಜನೆಗಳನ್ನು ಅರಿಯಲು ಅದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಂಡುಬಂದಿಲ್ಲ.

ಬ್ರಿಟಿಷರ ಆಳ್ವಿಕೆಯಲ್ಲಿ ಸರ್ಕಾರವು ಹೊಣೆಗಾರನಾಗಿರಲಿಲ್ಲ. ತಾನೇ ಸಾಲ ಕೊಡುವ ಧನಿಯಾಗಿತ್ತು. 1883ರ ಭೂಸುಧಾರಣಾ ಸಾಲದ ಕಾಯಿದೆ, 1884ರ ಕೃಷಿಕರ ಸಾಲದ ಕಾಯಿದೆ ಇವೆರಡರ ಮೇರೆಗೆ ಬಾವಿ ತೋಡಲು, ಎತ್ತು ಬೀಜಗಳನ್ನು ಕೊಳ್ಳಲು ರೈತರಿಗೆ ಕೊಡುತ್ತಿದ್ದ ಹಣಕ್ಕೆ ತಕಾವಿ ಸಾಲವೆಂದು ಹೆಸರು. ಹಿರಿಯರ ಬಾಯಲ್ಲಿ ಈ ಪದವು ಇನ್ನೂ ಉಳಿದಿದೆ. ಈ ಸಾಲ ದೊರೆಯಬೇಕಾದರೆ ಭೂಮಿಯೋ ತಕ್ಕ ಜಾಮೀನುದಾರನೋ ಇರಬೇಕಾಗಿತ್ತು. ತೀರಿಸದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡುವ ಅಧಿಕಾರ ಸರ್ಕಾರಕ್ಕಿತ್ತು. ಕೈಗಾರಿಕೆಗಳಿಗೂ ಇದೇ ಬಗೆಯ ನೆರವನ್ನು ವಿಸ್ತರಿಸಿದ್ದು ಮದರಾಸು ಪ್ರಾಂತದ 1922ರ ಕೈಗಾರಿಕಾ ಸಹಾಯ ಕಾಯಿದೆ. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳು ಆಗ ಆ ಪ್ರಾಂತಕ್ಕೆ ಸೇರಿದ್ದುದರಿಂದ ಅಲ್ಲಿನ ಉದ್ಯಮಿಗಳಿಗೂ ಅದು ಅನ್ವಯಿಸುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, 1913ರಲ್ಲಿ, ಮೈಸೂರು ಬ್ಯಾಂಕು ಸ್ಥಾಪಿತವಾಯಿತು. ಇವೆಲ್ಲವೂ ಆಸ್ತಿಯುಳ್ಳವನಿಗೆ ಸಾಲವನ್ನು ಸುಲಭಗೊಳಿಸಿದುವೇ ಹೊರತು, ಆಸ್ತಿಯಿಲ್ಲದವನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸ್ವಾತಂತ್ರ್ಯಾನಂತರ ರಿಸರ್ವ್ ಬ್ಯಾಂಕು 1951-52ನೆಯ ಸಾಲಿಗೆ ಸಂಬಂಧಿಸಿದಂತೆ ನಡೆಸಿದ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ವರದಿಯು 1954ರಲ್ಲಿ ಎ. ಡಿ. ಗೋರ್‌ವಾಲಾ ಅವರ ಅಧ್ಯಕ್ಷತೆಯ ಸಮಿತಿಯಿಂದ ಹೊರಬಂದಿತು. ರೈತರು ಪಡೆದ ಒಟ್ಟು ಸಾಲದಲ್ಲಿ ಸರ್ಕಾರದಿಂದ ಬಂದುದು ನೂರಕ್ಕೆ 3.3, ಸಹಕಾರ ಸಂಘಗಳಿಂದ 3.1, ವಾಣಿಜ್ಯ ಬ್ಯಾಂಕುಗಳಿಂದ 0.9 ಮಾತ್ರ. ಉಳಿದುದರಲ್ಲಿ ಬಹುಭಾಗವು ಲೇವಾದೇವಿಗಾರರದು. ಎಪ್ಪತ್ತು ವರ್ಷಗಳ ತಕಾವಿಯ ಫಲವು ನೂರಕ್ಕೆ ಮೂರಕ್ಕೆ ಬಂದು ನಿಂತಿತ್ತೆಂಬುದು ಯೋಚಿಸತಕ್ಕ ವಿಷಯ. ಈ ವರದಿಯ ಫಲವಾಗಿ 1955ರ ಜುಲೈ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಅಸ್ತಿತ್ವಕ್ಕೆ ಬಂದಿತು. ಅದು 1956ರಲ್ಲಿ ಕೆಲವೇ ಕೇಂದ್ರಗಳಲ್ಲಿ ಸಣ್ಣ ಕೈಗಾರಿಕೆಗಳಿಗೆ ಸಾಲ ಕೊಡುವ ಪ್ರಯೋಗವನ್ನು ಆರಂಭಿಸಿತು. ಅರ್ಜಿದಾರನ ಆಸ್ತಿಯನ್ನಷ್ಟೇ ನೋಡದೆ ಅವನ ಉತ್ಪಾದನೆಯ ಸಾಮರ್ಥ್ಯವನ್ನು ನೋಡಬೇಕೆಂಬ ವಿಚಾರವು ನಮ್ಮ ಬ್ಯಾಂಕುಗಳಲ್ಲಿ ಬೇರೂರತೊಡಗಿದ್ದು ಆಗಿನಿಂದ. 1967ರಲ್ಲಿ ಅದೇ ಬ್ಯಾಂಕು, ತಾಂತ್ರಿಕ ಪರಿಣತಿಯಿದ್ದು ಸ್ವಂತ ಬಂಡವಾಳವಿಲ್ಲದವರಿಗಾಗಿಯೇ ಒಂದು ಯೋಜನೆಯನ್ನು ತಂದಿತು. ಬೆಂಗಳೂರಿನಂತಹ ಊರಿನಲ್ಲಿ ಅದಕ್ಕೆ ಅರ್ಥವಿತ್ತು. ಹಿಂದೂಸ್ತಾನ್ ಏರ್‌ಕ್ರಾಫ್ಟ್, ಎಚ್.ಎಂ.ಟಿ., ದೂರವಾಣಿ ಕಾರ್ಖಾನೆ ಮೊದಲಾದುವುಗಳಲ್ಲಿ ಕೆಲಸ ಕಲಿತವರ ಕೈಯಲ್ಲಿ ವಿದ್ಯೆಯಿತ್ತು. 1960ರಲ್ಲಿ ಸ್ಥಾಪಿತವಾದ ರಾಜ್ಯದ ಸಣ್ಣ ಕೈಗಾರಿಕಾ ನಿಗಮವು ಷೆಡ್ಡುಗಳನ್ನು ಕಟ್ಟಿಸಿ ಕೊಡುತ್ತಿತ್ತು. ಕೊರತೆಯಿದ್ದುದು ಯಂತ್ರ ಕೊಳ್ಳುವ ಹಣಕ್ಕೆ.

ಸರ್ಕಾರವು ಧನಿಯ ಪಾತ್ರವನ್ನು ಬಿಟ್ಟು ಹೊಣೆಗಾರನ ಪಾತ್ರಕ್ಕೆ ಬಂದುದು 1960ರಲ್ಲಿ. ಆ ವರ್ಷದ ಜುಲೈನಲ್ಲಿ ಸಣ್ಣ ಕೈಗಾರಿಕೆಗಳ ಸಾಲದ ಖಾತರಿ ಯೋಜನೆಯನ್ನು ಕೇಂದ್ರ ಸರ್ಕಾರವು ಆರಂಭಿಸಿ, ಅದರ ನಿರ್ವಹಣೆಯನ್ನು ರಿಸರ್ವ್ ಬ್ಯಾಂಕಿಗೆ ವಹಿಸಿತು. ಮೊದಲು 22 ಜಿಲ್ಲೆಗಳಲ್ಲಿ ಪ್ರಯೋಗವಾಗಿ ನಡೆದು, 1963ರಲ್ಲಿ ಅದು ದೇಶಕ್ಕೆಲ್ಲ ವ್ಯಾಪಿಸಿತು. 1981ರಲ್ಲಿ ಈ ಕೆಲಸವು ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮದ ಕೈಗೆ ಹೋಯಿತು. ಬ್ಯಾಂಕು ತಾನು ಕೊಟ್ಟ ಸಣ್ಣ ಸಾಲಗಳಿಗೆ ನಿಗಮಕ್ಕೆ ಶುಲ್ಕ ತೆರುವುದು, ಸಾಲ ಮುಳುಗಿದರೆ ನಷ್ಟದ ಒಂದು ಪಾಲನ್ನು ನಿಗಮವು ತುಂಬಿಕೊಡುವುದು, ಇದು ಅದರ ಸ್ವರೂಪ. ಮುಂದೆ ನಡೆದುದು ಸ್ವಾರಸ್ಯವಾಗಿದೆ. ಶುಲ್ಕವು ಏರಿತು, ಪರಿಹಾರದ ಕೋರಿಕೆಗಳು ನಾನಾ ಕಾರಣಗಳಿಂದ ತಿರಸ್ಕೃತವಾಗತೊಡಗಿದುವು, ಬ್ಯಾಂಕುಗಳು ಒಂದೊಂದಾಗಿ ಯೋಜನೆಯಿಂದ ಹೊರಬಂದುವು, 2003ರ ಏಪ್ರಿಲ್ ವೇಳೆಗೆ ಅದರಲ್ಲಿ ಒಂದು ಬ್ಯಾಂಕೂ ಉಳಿಯಲಿಲ್ಲ. ಸಾಲ ಪಡೆಯುವವರು ಬಿಟ್ಟುದರಿಂದ ಆ ಯೋಜನೆ ನಿಲ್ಲಲಿಲ್ಲ. ಸಾಲ ಕೊಡುವವರು ಬಿಟ್ಟುದರಿಂದ ನಿಂತಿತು. ಹೊಣೆಯ ಮಾತನ್ನು ನಂಬಬೇಕಾದವನು ತರುಣನಲ್ಲ, ಬ್ಯಾಂಕಿನವನು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ನಡುವೆ, 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕೃತವಾದುವು. ಅವುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ನಮ್ಮ ಕರಾವಳಿಯಲ್ಲಿ ಹುಟ್ಟಿದುವು. 1972ರಲ್ಲಿ ಅತ್ಯಂತ ಬಡವರಿಗೆ ನೂರಕ್ಕೆ 4ರ ಬಡ್ಡಿಯ ಸಾಲವೂ, 1978ರಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರಗಳೂ ಬಂದುವು. ಆದರೆ ‘ವಿದ್ಯಾವಂತ ನಿರುದ್ಯೋಗಿ ತರುಣ’ನೆಂಬ ವರ್ಗವನ್ನು ಹೆಸರಿಸಿ ಅವನಿಗೆಂದೇ ಸಾಲವನ್ನು ಮೀಸಲಿಟ್ಟುದು 1983ರ ಸ್ವ-ಉದ್ಯೋಗ ಯೋಜನೆಯಲ್ಲಿ. ವಯಸ್ಸು 18ರಿಂದ 35, ವಿದ್ಯೆ ಮೆಟ್ರಿಕ್, ಸಾಲದ ಮೊದಲ ಮಿತಿ 25,000 ರೂಪಾಯಿ. ಹತ್ತು ವರ್ಷಗಳ ತರುವಾಯ, 1993ರ ಅಕ್ಟೋಬರ್ 2ರಂದು, ಪ್ರಧಾನ ಮಂತ್ರಿ ರೋಜ್‌ಗಾರ್ ಯೋಜನೆ ಆರಂಭವಾಯಿತು. ವಯೋಮಿತಿ ಅದೇ, ಕುಟುಂಬದ ವಾರ್ಷಿಕ ವರಮಾನ ಮೊದಲಿಗೆ 24,000 ರೂಪಾಯಿಗಳನ್ನು ಮೀರಬಾರದು, ಆ ಸ್ಥಳದಲ್ಲಿ ಮೂರು ವರ್ಷ ವಾಸವಾಗಿರಬೇಕು, ಯೋಜನೆಯ ವೆಚ್ಚ ಒಂದು ಲಕ್ಷದವರೆಗೆ, ನೂರಕ್ಕೆ 15ರಂತೆ, ಆದರೆ 7,500 ರೂಪಾಯಿಗಳಿಗೆ ಮೀರದಂತೆ, ಸಹಾಯಧನ. ಅರ್ಜಿದಾರರನ್ನು ಆರಿಸುತ್ತಿದ್ದುದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಸೇರುತ್ತಿದ್ದ ಸಮಿತಿ. ಹಣ ಕೊಡುತ್ತಿದ್ದುದು ಬ್ಯಾಂಕು. ಆರಿಸುವವನು ಒಬ್ಬ, ನಷ್ಟಪಡುವವನು ಮತ್ತೊಬ್ಬ. ಸಮಿತಿಯು ಕಳುಹಿಸಿದ ಪಟ್ಟಿಯನ್ನು ಬ್ಯಾಂಕಿನ ವ್ಯವಸ್ಥಾಪಕನು ಅನುಮಾನದಿಂದ ನೋಡಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಪಟ್ಟಿಯಲ್ಲಿ ಹೆಸರು ಬರುವುದು ಅರ್ಹತೆಯ ಪ್ರಮಾಣವಾಗಿತ್ತೇ ಹೊರತು ಪ್ರತ್ಯಯದ ಹೊಣೆಯಾಗಿರಲಿಲ್ಲ.

2008ರಲ್ಲಿ ಈ ಯೋಜನೆಯನ್ನೂ ಗ್ರಾಮೀಣ ಉದ್ಯೋಗ ಸೃಷ್ಟಿಯ ಮತ್ತೊಂದು ಯೋಜನೆಯನ್ನೂ ಕೂಡಿಸಿ ಪ್ರಧಾನ ಮಂತ್ರಿ ಉದ್ಯೋಗ ಸೃಷ್ಟಿ ಕಾರ್ಯಕ್ರಮವನ್ನು ರೂಪಿಸಲಾಯಿತು. ಇದರ ಲೆಕ್ಕವನ್ನು ವಿದ್ಯಾರ್ಥಿಗಳು ಬಹುಮಟ್ಟಿಗೆ ತಪ್ಪಾಗಿ ಗ್ರಹಿಸುತ್ತಾರಾದ ಕಾರಣ ಸ್ವಲ್ಪ ವಿವರವಾಗಿ ಹೇಳುವುದು ಅವಶ್ಯ. 2022ರಲ್ಲಿ ಪರಿಷ್ಕೃತವಾಗಿ 2025-26ರವರೆಗಿನ ಅವಧಿಗೆ ಅನುಮೋದನೆ ಪಡೆದ ನಿಯಮಗಳಂತೆ, ತಯಾರಿಕೆಯ ಘಟಕಕ್ಕೆ 50 ಲಕ್ಷ, ಸೇವೆಯ ಘಟಕಕ್ಕೆ 20 ಲಕ್ಷ ರೂಪಾಯಿ ಯೋಜನಾವೆಚ್ಚದ ಮಿತಿ. ಅರ್ಜಿದಾರನಿಗೆ 18 ವರ್ಷ ತುಂಬಿರಬೇಕು, ವರಮಾನದ ಮಿತಿಯಿಲ್ಲ, ತಯಾರಿಕೆಯಲ್ಲಿ 10 ಲಕ್ಷವನ್ನೂ ಸೇವೆಯಲ್ಲಿ 5 ಲಕ್ಷವನ್ನೂ ಮೀರಿದ ಯೋಜನೆಗಳಿಗೆ ಮಾತ್ರ ಎಂಟನೆಯ ತರಗತಿಯ ತೇರ್ಗಡೆ ಬೇಕು. ಹಳ್ಳಿಯ ಸಾಮಾನ್ಯ ವರ್ಗದ ತರುಣನೊಬ್ಬನು 10 ಲಕ್ಷದ ಘಟಕವೊಂದನ್ನು ಯೋಜಿಸಿದನೆನ್ನೋಣ. ನೂರಕ್ಕೆ 10ರಂತೆ ಒಂದು ಲಕ್ಷವನ್ನು ಅವನೇ ತರಬೇಕು. ಉಳಿದ 9 ಲಕ್ಷವನ್ನು ಬ್ಯಾಂಕು ಮಂಜೂರು ಮಾಡುತ್ತದೆ. ಸರ್ಕಾರದ ಸಹಾಯಧನ ನೂರಕ್ಕೆ 25, ಎಂದರೆ ಎರಡೂವರೆ ಲಕ್ಷ. ಅದೇ ಹಳ್ಳಿಯ ತರುಣಿಯಾದರೆ ಸ್ವಂತ ಪಾಲು ನೂರಕ್ಕೆ 5, ಎಂದರೆ 50,000. ಸಹಾಯಧನ ನೂರಕ್ಕೆ 35, ಎಂದರೆ ಮೂರೂವರೆ ಲಕ್ಷ. ಪರಿಶಿಷ್ಟರಿಗೂ ಹಿಂದುಳಿದ ವರ್ಗಗಳವರಿಗೂ ಅಲ್ಪಸಂಖ್ಯಾತರಿಗೂ ಇದೇ ದರ. ಪಟ್ಟಣದಲ್ಲಿ ಈ ದರಗಳು ಕ್ರಮವಾಗಿ 15 ಮತ್ತು 25.

ಈ ಸಹಾಯಧನವು ಅರ್ಜಿದಾರನ ಕೈಗೆ ಬರುವುದಿಲ್ಲವೆಂಬುದು ಮುಖ್ಯ. ಅದು ಮೂರು ವರ್ಷಗಳ ಕಾಲ ಬ್ಯಾಂಕಿನಲ್ಲಿ ಅವನ ಹೆಸರಿನ ಠೇವಣಿಯಾಗಿ ಕೂತಿರುತ್ತದೆ. ಅದಕ್ಕೆ ಬಡ್ಡಿ ಬರುವುದಿಲ್ಲ, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ತೆರಬೇಕಾಗಿಯೂ ಇಲ್ಲ. ಘಟಕವು ನಡೆಯುತ್ತಿರುವುದು ಖಚಿತವಾದ ಮೇಲೆ ಅದನ್ನು ಸಾಲಕ್ಕೆ ವಜಾ ಮಾಡಿಕೊಳ್ಳುತ್ತಾರೆ. ಹೀಗಾಗಿ ನಮ್ಮ ಉದಾಹರಣೆಯ ತರುಣನು ನಿಜವಾಗಿ ತೀರಿಸಬೇಕಾದ ಅಸಲು ಆರೂವರೆ ಲಕ್ಷ, ತರುಣಿಯದು ಆರು ಲಕ್ಷ. ಘಟಕವು ನಡುವೆ ಮುಚ್ಚಿಹೋದರೆ ಈ ಲೆಕ್ಕವು ತಲೆಕೆಳಗಾಗುತ್ತದೆ. ಸಬ್ಸಿಡಿಯೆಂಬ ಪದದ ಮೋಹಕ್ಕೆ ಸಿಕ್ಕಿ, ಘಟಕಕ್ಕಾಗಿ ಸಹಾಯಧನ ಎಂಬುದನ್ನು ಸಹಾಯಧನಕ್ಕಾಗಿ ಘಟಕ ಎಂದು ತಿರುಗಿಸಿಕೊಂಡವರು ಈ ಮಾತನ್ನು ತಡವಾಗಿ ತಿಳಿಯುತ್ತಾರೆ. ಪ್ರಾಜೆಕ್ಟ್ ರಿಪೋರ್ಟನ್ನು ಹಣ ಕೊಟ್ಟು ಬರೆಸಿಕೊಳ್ಳುವ ಪದ್ಧತಿಯೂ ಈ ಮೋಹದ ಮಗುವೇ. ತಾನು ಕೊಳ್ಳುವ ಯಂತ್ರದ ಬೆಲೆಯನ್ನೂ ತನ್ನ ಸರಕಿನ ಗಿರಾಕಿ ಯಾರೆಂಬುದನ್ನೂ ಅರ್ಜಿದಾರನು ತನ್ನ ಬಾಯಿಂದ ಹೇಳಲಾರದೆ ಹೋದಾಗ, ಮುದ್ರಿತ ವರದಿಯು ಎಷ್ಟು ಅಂದವಾಗಿದ್ದರೂ ಏನು ಪ್ರಯೋಜನ?

ಇನ್ನು ಜಾಮೀನಿನ ವಿಷಯ. ಹಳೆಯ ಖಾತರಿ ಯೋಜನೆ ಕ್ಷೀಣಿಸುತ್ತಿದ್ದಾಗಲೇ, 2000ನೆಯ ಇಸವಿಯಲ್ಲಿ ಕೇಂದ್ರ ಸರ್ಕಾರವೂ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕೂ 4:1ರ ಪ್ರಮಾಣದಲ್ಲಿ ಹಣ ಹಾಕಿ ಹೊಸದೊಂದು ಖಾತರಿ ನಿಧಿಯ ಟ್ರಸ್ಟನ್ನು ಸ್ಥಾಪಿಸಿದುವು. ಮೊದಲು 10 ಲಕ್ಷದವರೆಗಿನ ಸಾಲಕ್ಕೆ ಮೀಸಲಾಗಿದ್ದ ಅದರ ಆಶ್ರಯವು ಹಂತಹಂತವಾಗಿ ಏರಿ, 2023ರಲ್ಲಿ 5 ಕೋಟಿಗೂ 2025ರಲ್ಲಿ 10 ಕೋಟಿಗೂ ಮುಟ್ಟಿತು. 2010ರಲ್ಲಿ ರಿಸರ್ವ್ ಬ್ಯಾಂಕು ಮತ್ತೂ ಒಂದು ಹೆಜ್ಜೆ ಮುಂದೆ ಹೋಗಿ, ಕಿರು ಮತ್ತು ಸಣ್ಣ ಘಟಕಗಳ 10 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕುಗಳು ಆಸ್ತಿಯ ಆಧಾರವನ್ನು ಸ್ವೀಕರಿಸಲೇಕೂಡದೆಂದು ಆಜ್ಞಾಪಿಸಿತು. 2015ರ ಏಪ್ರಿಲ್ 8ರಂದು ಮುದ್ರಾ ಯೋಜನೆ ಬಂದಿತು: 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ, 2024ರಲ್ಲಿ, ತರುಣ ಸಾಲವನ್ನು ಪಡೆದು ತೀರಿಸಿದವರಿಗೆ 20 ಲಕ್ಷದವರೆಗಿನ ಮತ್ತೊಂದು ವರ್ಗ. ಮೊದಲ ಹತ್ತು ವರ್ಷಗಳಲ್ಲಿ 52 ಕೋಟಿಗೂ ಹೆಚ್ಚು ಮುದ್ರಾ ಸಾಲಗಳಾಗಿ 32 ಲಕ್ಷ ಕೋಟಿ ರೂಪಾಯಿಗಳಿಗೂ ಮಿಗಿಲಾದ ಮೊತ್ತವು ಮಂಜೂರಾಯಿತೆಂದು ಸರ್ಕಾರವು 2025ರಲ್ಲಿ ಪ್ರಕಟಿಸಿತು. ಭಾಗಿಸಿದರೆ ಒಂದು ಸಾಲಕ್ಕೆ ಸರಾಸರಿ 62,000 ರೂಪಾಯಿಗಳ ಆಸುಪಾಸು. 52 ಕೋಟಿಯೆಂಬುದು ಸಾಲಗಳ ಸಂಖ್ಯೆ, ಜನರ ಸಂಖ್ಯೆಯಲ್ಲ. ಒಬ್ಬನೇ ಹಲವು ಸಲ ಪಡೆದಿರಬಹುದು. 62,000 ರೂಪಾಯಿಗಳಲ್ಲಿ ಹೊಲಿಗೆಯ ಯಂತ್ರವನ್ನೋ ತಳ್ಳುವ ಗಾಡಿಯ ಸರಕನ್ನೋ ಕೊಳ್ಳಬಹುದು, ಅದು ಅಲ್ಪವೇನೂ ಅಲ್ಲ. ಆದರೆ ನಾಲ್ವರಿಗೆ ಕೆಲಸ ಕೊಡುವ ಘಟಕವನ್ನು ಕಟ್ಟಲಾಗದು. ಆಸ್ತಿಯಿಲ್ಲದ ಪದವೀಧರನು ನಿಜವಾಗಿ ಎಡವುವುದು ಐದರಿಂದ ಇಪ್ಪತ್ತೈದು ಲಕ್ಷದ ನಡುವಿನ ಮೆಟ್ಟಿಲಲ್ಲಿ ಎಂಬುದು ನನ್ನ ಅಭಿಪ್ರಾಯ.

ಆಜ್ಞೆಯಿದ್ದೂ ಬ್ಯಾಂಕಿನವನು ಆಸ್ತಿಯನ್ನು ಕೇಳುವುದೇಕೆ? ಅವನು ದುಷ್ಟನೆಂದು ಹೇಳಿಬಿಡುವುದು ಸುಲಭ, ಅದು ವಿವರಣೆಯಾಗದು. ಖಾತರಿಯು ಹೇಗೆ ನಡೆಯುತ್ತದೆಂದು ನೋಡಬೇಕು. ಒಬ್ಬನು 8 ಲಕ್ಷ ರೂಪಾಯಿಗಳನ್ನು ಬಾಕಿ ಉಳಿಸಿ ನಿಂತನೆನ್ನೋಣ. ನೂರಕ್ಕೆ 75ರ ಖಾತರಿಯಂತೆ ಟ್ರಸ್ಟಿನ ಹೊಣೆ 6 ಲಕ್ಷ. ಆದರೆ ಬ್ಯಾಂಕು ಮೊದಲು ಸಾಲವನ್ನು ವಸೂಲಾಗದ ಸಾಲವೆಂದು ಗುರುತಿಸಬೇಕು, ಆಮೇಲೆ ಪರಿಹಾರ ಕೋರಬೇಕು. ಆಗ ಬರುವುದು ಆ 6 ಲಕ್ಷದ ಮುಕ್ಕಾಲು ಪಾಲು, ನಾಲ್ಕೂವರೆ ಲಕ್ಷ. ಮಿಕ್ಕ ಒಂದೂವರೆ ಲಕ್ಷವು ವಸೂಲಿಯ ಕ್ರಮಗಳೆಲ್ಲ ಮುಗಿದ ಮೇಲೆ. ಉಳಿದ 2 ಲಕ್ಷ ಬ್ಯಾಂಕಿನ ನಷ್ಟ. ಮುದ್ರಾ ಸಾಲಗಳ ಖಾತರಿಯು ಒಂದೊಂದು ಸಾಲಕ್ಕಲ್ಲದೆ ಸಾಲಗಳ ಒಟ್ಟು ರಾಶಿಗೆ ಅನ್ವಯಿಸುತ್ತದೆ. ಅಲ್ಲಿಯೂ ಮೊದಲ ಭಾಗದ ನಷ್ಟವನ್ನು ಬ್ಯಾಂಕೇ ಹೊರಬೇಕು. ಹಣದ ನಷ್ಟಕ್ಕಿಂತ ಮಿಗಿಲಾದುದು ಮತ್ತೊಂದಿದೆ: ಸಾಲ ಮುಳುಗಿದರೆ ಅದನ್ನು ಮಂಜೂರು ಮಾಡಿದ ಅಧಿಕಾರಿಯು ಕಾರಣ ಹೇಳಬೇಕು. ಖಾತರಿಯು ಬ್ಯಾಂಕಿನ ತಿಜೋರಿಯನ್ನು ಕಾಯುತ್ತದೆ. ಶಾಖೆಯ ವ್ಯವಸ್ಥಾಪಕನ ಸೇವಾದಾಖಲೆಯನ್ನು ಕಾಯುವುದಿಲ್ಲ. ಕೊಡದೆ ಇದ್ದುದಕ್ಕೆ ಅವನನ್ನು ಪ್ರಶ್ನಿಸುವವರು ಕಡಿಮೆ, ಕೊಟ್ಟು ಕೆಟ್ಟುದಕ್ಕೆ ಪ್ರಶ್ನಿಸುವವರು ಹಲವರು.

ವಿಜ್ಞಾನೇಶ್ವರನ ಪರಿಭಾಷೆಯಲ್ಲಿ ಹೇಳುವುದಾದರೆ, ಸರ್ಕಾರವು ಕೊಟ್ಟಿರುವುದು ದಾನದ ಹೊಣೆ, ಅದೂ ಅರ್ಧಂಬರ್ಧ. ತರುಣನಿಗೆ ಬೇಕಾಗಿರುವುದು ಪ್ರತ್ಯಯದ ಹೊಣೆ. ಅವನು ಯಾರು, ಕೆಲಸ ಬಲ್ಲವನೇ, ಮಾತಿಗೆ ನಿಲ್ಲುವವನೇ ಎಂದು ಬ್ಯಾಂಕಿಗೆ ಹೇಳುವವರು ಯಾರೂ ಇಲ್ಲದಾಗ, ಆ ಮಾತನ್ನು ಅವನ ತಂದೆಯ ಪಹಣಿಯಿಂದ ಹೇಳಿಸಲು ಬ್ಯಾಂಕು ಬಯಸುತ್ತದೆ.

ಪಹಣಿಯ ಮಾತು ಬಂದುದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಹಳ್ಳಿಗಳಲ್ಲಿ ಆಸ್ತಿಯಿರುವ ಮನೆಯ ಮಗನಿಗೂ ಆಧಾರ ಕೊಡುವುದು ಸುಲಭವಲ್ಲ. ಅಜ್ಜನ ಹೆಸರಿನಲ್ಲಿಯೇ ಉಳಿದಿರುವ ಖಾತೆಗಳು ಅಸಂಖ್ಯ. ಪೌತಿ ಖಾತೆಯಾಗದೆ, ವಿಭಾಗವಾಗದೆ, ಹತ್ತಾರು ಪಾಲುದಾರರ ಸಹಿಯಿಲ್ಲದೆ ಅಂತಹ ಭೂಮಿಯನ್ನು ಬ್ಯಾಂಕು ಒಪ್ಪುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯ ಪರಭಾರೆಯನ್ನು 1978ರ ಕರ್ನಾಟಕದ ಕಾಯಿದೆಯು ನಿರ್ಬಂಧಿಸಿದೆ. ಅವರ ಭೂಮಿಯನ್ನು ಉಳಿಸಿದ ಒಳ್ಳೆಯ ಕಾನೂನು ಅದು. ಆದರೆ ಬ್ಯಾಂಕಿನ ಕಣ್ಣಿನಲ್ಲಿ ಮಾರಲಾಗದ ಭೂಮಿಯು ಆಧಾರವಲ್ಲ. ಬಗರ್ ಹುಕುಂ ಸಾಗುವಳಿದಾರನ ಮಗನ ಪಾಡನ್ನಂತೂ ಹೇಳಬೇಕಾಗಿಲ್ಲ. ಹುಟ್ಟಿನಿಂದಲೇ ಮಗನಿಗೆ ಪಿತ್ರಾರ್ಜಿತದಲ್ಲಿ ಹಕ್ಕನ್ನು ಕೊಟ್ಟುದೂ ಮಿತಾಕ್ಷರವೇ, ಹೊಣೆಯನ್ನು ಮೂರಾಗಿ ವಿಂಗಡಿಸಿದುದೂ ಮಿತಾಕ್ಷರವೇ. ಆ ಹಕ್ಕು ಹೆಣ್ಣುಮಕ್ಕಳಿಗೆ ಕರ್ನಾಟಕದಲ್ಲಿ ದೊರೆತುದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಕಾಗದದ ಮೇಲಿನ ಪಾಲನ್ನು ಒತ್ತೆಯಿಟ್ಟು ಸಾಲ ಪಡೆಯುವ ತರುಣಿಯು ಇಂದಿಗೂ ವಿರಳ.

ಪ್ರತ್ಯಯದ ಹೊಣೆಯನ್ನು ಸಂಸ್ಥೆಯ ರೂಪದಲ್ಲಿ ಕಟ್ಟಬಹುದೆಂಬುದಕ್ಕೆ ನಮ್ಮ ಕರಾವಳಿಯೇ ಎರಡು ನಿದರ್ಶನಗಳನ್ನು ಕೊಟ್ಟಿದೆ. 1925ರಲ್ಲಿ ಉಡುಪಿಯಲ್ಲಿ, ಕೈಮಗ್ಗದ ನೇಕಾರರ ಸಂಕಷ್ಟವನ್ನು ಕಂಡು, ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ, ಡಾ. ಟಿ. ಎಂ. ಎ. ಪೈ ಇವರು 8,000 ರೂಪಾಯಿಗಳ ಬಂಡವಾಳದಿಂದ ಆರಂಭಿಸಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕಾಯಿತು. 2020ರಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು 1928ರಲ್ಲಿ ತಂದ ಪಿಗ್ಮಿ ಠೇವಣಿಯಲ್ಲಿ ಬ್ಯಾಂಕಿನ ಏಜೆಂಟನು ದಿನವೂ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗಿ ಎರಡಾಣೆಯಂತಹ ಚಿಕ್ಕ ಮೊತ್ತವನ್ನು ಸಂಗ್ರಹಿಸುತ್ತಿದ್ದನು. ಇದನ್ನು ಉಳಿತಾಯದ ಉಪಾಯವೆಂದು ಎಲ್ಲರೂ ಹೇಳುತ್ತಾರೆ. ಆದರೆ ವರ್ಷವಿಡೀ ಒಬ್ಬ ಅಂಗಡಿಯವನ ಗಲ್ಲಾಪೆಟ್ಟಿಗೆಯ ಮುಂದೆ ದಿನವೂ ನಿಂತವನಿಗೆ ಅವನ ವ್ಯಾಪಾರದ ಏರಿಳಿತ ತಿಳಿಯದೆ ಇರುತ್ತದೆಯೇ? ಪಹಣಿಯು ಹೇಳಲಾರದ ಸಂಗತಿಯನ್ನು ಪಿಗ್ಮಿಯ ಚಿಕ್ಕ ಪುಸ್ತಕವು ಹೇಳುತ್ತಿತ್ತು.

ಎರಡನೆಯದು ಉಜಿರೆಯದು. 1982ರಲ್ಲಿ ಧರ್ಮಸ್ಥಳದ ಶ್ರೀ ಮಂಜುನಾಥೇಶ್ವರ ಎಜುಕೇಷನಲ್ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಈ ಮೂರೂ ಕೂಡಿ, ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಅಲ್ಲಿ ಸ್ಥಾಪಿಸಿದ ಗ್ರಾಮೀಣ ಅಭಿವೃದ್ಧಿ ಮತ್ತು ಸ್ವ-ಉದ್ಯೋಗ ತರಬೇತಿ ಸಂಸ್ಥೆಯು ರುಡ್‌ಸೆಟ್ ಎಂದು ಪ್ರಸಿದ್ಧವಾಗಿದೆ. ನಿರುದ್ಯೋಗಿ ತರುಣರನ್ನು ಕೆಲವು ವಾರ ಅಲ್ಲಿಯೇ ಇರಿಸಿಕೊಂಡು, ಊಟ ವಸತಿಗಳನ್ನು ಉಚಿತವಾಗಿ ಕೊಟ್ಟು, ಕಸುಬಿನ ಜೊತೆಗೆ ಲೆಕ್ಕವಿಡುವುದನ್ನೂ ಗಿರಾಕಿಯನ್ನು ಹುಡುಕುವುದನ್ನೂ ಕಲಿಸಿ, ತರಬೇತಿಯ ತರುವಾಯವೂ ಅವರ ಬೆನ್ನಿಗಿದ್ದು, ಬ್ಯಾಂಕಿನ ಸಾಲಕ್ಕೆ ದಾರಿ ಮಾಡಿಕೊಡುವುದು ಅದರ ಕ್ರಮ. ಕಲಿಸುವವರ ಬೆನ್ನಿಗೆ ಬ್ಯಾಂಕೇ ಇರುವುದರಿಂದ, ‘ಈತನನ್ನು ನಾವು ಕಂಡಿದ್ದೇವೆ’ ಎಂಬ ಮಾತಿಗೆ ಶಾಖೆಯಲ್ಲಿ ಬೆಲೆಯುಂಟು. ಈ ಮಾದರಿಯನ್ನು ಕೇಂದ್ರ ಸರ್ಕಾರವು 2009ರಿಂದ ದೇಶದ ಜಿಲ್ಲೆ ಜಿಲ್ಲೆಗೂ ವಿಸ್ತರಿಸತೊಡಗಿತು. ಪ್ರತಿ ಜಿಲ್ಲೆಯ ಸಂಸ್ಥೆಯನ್ನು ಅಲ್ಲಿನ ಮುಖ್ಯ ಬ್ಯಾಂಕೊಂದು ನಡೆಸುವಂತೆ ಏರ್ಪಾಡಾಯಿತು. ಸಾಲಮೇಳಗಳ ಸದ್ದಿಗೆ ಹೋಲಿಸಿದರೆ ಈ ಸಂಸ್ಥೆಗಳ ಹೆಸರು ನಮ್ಮ ಕಾಲೇಜುಗಳಲ್ಲಿ ಕೇಳಿಬರುವುದು ಕಡಿಮೆ. ಪದವೀಧರನಿಗೆ ಕೋಳಿ ಸಾಕಣೆಯ ತರಬೇತಿಯೇ ಎಂಬ ಸಂಕೋಚವೂ ಇದಕ್ಕೆ ಒಂದು ಕಾರಣವಿರಬಹುದು.

ಈಗಿನ ಬ್ಯಾಂಕುಗಳು ಪ್ರತ್ಯಯವನ್ನು ಅಳೆಯುವುದು ಬೇರೊಂದು ಬಗೆಯಲ್ಲಿ. 2000ದಲ್ಲಿ ಸ್ಥಾಪಿತವಾದ ಸಿಬಿಲ್ ಮತ್ತು ಅದರಂತಹ ಕಂಪೆನಿಗಳು, 2005ರ ಕಾಯಿದೆಯ ಮೇರೆಗೆ, ಪ್ರತಿಯೊಬ್ಬ ಸಾಲಗಾರನ ಹಿಂದಿನ ನಡವಳಿಕೆಯನ್ನು ಅಂಕೆಯಾಗಿ ಪರಿವರ್ತಿಸಿ ಬ್ಯಾಂಕುಗಳಿಗೆ ಒದಗಿಸುತ್ತವೆ. ಆದರೆ ಹಿಂದೆ ಸಾಲವನ್ನೇ ಮಾಡದವನಿಗೆ ಅಂಕೆಯಿಲ್ಲ. ಸಾಲ ಮಾಡಿದವನಿಗೇ ಸಾಲವೆಂಬ ಈ ವಿಚಿತ್ರ ಸ್ಥಿತಿಯನ್ನು ಮನಗಂಡು, ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ಹಿಂದಿನ ದಾಖಲೆಯಿಲ್ಲವೆಂಬ ಒಂದೇ ಕಾರಣದಿಂದ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕು 2025ರ ಜನವರಿಯಲ್ಲಿ ಸೂಚಿಸಿತು. ಕೈಸಾಲದ ಆ್ಯಪುಗಳಿಂದ ಐದು ಹತ್ತು ಸಾವಿರ ತೆಗೆದು ಮರೆತ ವಿದ್ಯಾರ್ಥಿಯ ಸ್ಥಿತಿ ಇದಕ್ಕಿಂತ ಕಷ್ಟದ್ದು. ಅವನಿಗೆ ದಾಖಲೆಯಿದೆ, ಅದು ಕೆಟ್ಟಿದೆ; ಐದು ವರ್ಷಗಳ ಅನಂತರ ಘಟಕದ ಸಾಲ ಕೇಳುವಾಗ ಆ ಮರೆವು ಎದುರಿಗೆ ಬಂದು ನಿಲ್ಲುತ್ತದೆ. ಅಧ್ಯಾಪಕರು ತರಗತಿಯಲ್ಲಿ ಹೇಳಬೇಕಾದ ಮಾತಿದು.

ಹೇಳಬೇಕಾದ ಮತ್ತೊಂದು ಮಾತು, ಸರ್ಕಾರದ ಖಾತರಿಯಿಂದ ಸಾಲ ಪಡೆದವನ ಋಣ ತೀರುವುದಿಲ್ಲವೆಂಬುದು. ಟ್ರಸ್ಟು ಬ್ಯಾಂಕಿಗೆ ಪರಿಹಾರ ಕೊಟ್ಟ ಮೇಲೂ ಪೂರ್ಣ ಮೊತ್ತಕ್ಕೆ ಸಾಲಗಾರನೇ ಬಾಧ್ಯ. ವಸೂಲಾದ ಹಣದಲ್ಲಿ ಟ್ರಸ್ಟಿಗೆ ಅದರ ಪಾಲು ಸಲ್ಲುತ್ತದೆ. ಸರ್ಕಾರಿ ಯೋಜನೆಗಳ ಮೇರೆಗೆ ಕೊಟ್ಟ ಸಾಲಗಳ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡಲು ಕರ್ನಾಟಕದಲ್ಲಿ 1979ರ ಕಾಯಿದೆಯೊಂದು ಅವಕಾಶ ಕೊಡುತ್ತದೆ. ತಕಾವಿಯ ತಹಶೀಲ್ದಾರನಿಗೆ 1884ರಲ್ಲಿದ್ದ ಅಧಿಕಾರವೇ ಹೊಸ ಹೆಸರಿನಲ್ಲಿ ಮುಂದುವರಿದಿದೆಯೆಂದರೆ ತಪ್ಪಾಗದು. ಸಾಲ ಕೊಡುವ ರೀತಿಯು ಈ ನೂರನಲವತ್ತು ವರ್ಷಗಳಲ್ಲಿ ಬದಲಾದಷ್ಟು ಸಾಲ ತೆಗೆಯುವ ರೀತಿ ಬದಲಾಗಿಲ್ಲ.

ಅರ್ಜಿಯು ತಿರಸ್ಕೃತವಾದಾಗ ಬಹುಪಾಲು ತರುಣರು ಬಾಯಿಮಾತಿನ ಉತ್ತರವನ್ನು ಕೇಳಿ ಮನೆಗೆ ಹಿಂದಿರುಗುತ್ತಾರೆ. 2003ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಸಾಲಸಂಹಿತೆಯು, 2 ಲಕ್ಷದವರೆಗಿನ ಸಾಲ ಕೋರಿದವರಿಗೆ ನಿರಾಕರಣೆಯ ಕಾರಣವನ್ನು ಬರೆಹದಲ್ಲಿ ತಿಳಿಸಬೇಕೆಂದು ವಿಧಿಸಿತು. ಆ ಕಾಗದವನ್ನು ಕೇಳಿ ಪಡೆಯುವುದರಿಂದ ಅರ್ಜಿದಾರನಿಗೆ ಎರಡನೆಯ ಬಾರಿ ತನ್ನ ಅರ್ಜಿಯನ್ನು ತಿದ್ದಿಕೊಳ್ಳಲು ಆಧಾರ ದೊರೆಯುತ್ತದೆ. ನಿಯಮಕ್ಕೆ ವಿರುದ್ಧವಾಗಿ ಆಸ್ತಿಯ ಆಧಾರ ಕೇಳಿದ್ದರೆ ಮೇಲಿನವರಿಗೆ ದೂರು ಕೊಡಲು ಸಾಕ್ಷ್ಯವೂ ದೊರೆಯುತ್ತದೆ. ಇತಿಹಾಸದ ವಿದ್ಯಾರ್ಥಿಗೆ ಇದರಲ್ಲಿ ಇನ್ನೊಂದು ಆಸಕ್ತಿಯಿದೆ. ವಾರ್ಷಿಕ ವರದಿಗಳಲ್ಲಿ ಎದ್ದು ಕಾಣುವುದು ಮಂಜೂರಾದ ಸಾಲಗಳ ಸಂಖ್ಯೆ. ನಿರಾಕೃತ ಅರ್ಜಿಗಳು ಶಾಖೆಗಳ, ಕೈಗಾರಿಕಾ ಕೇಂದ್ರಗಳ ಕಡತಗಳಲ್ಲಿ ಕಟ್ಟಾಗಿ ಬಿದ್ದು, ಅವಧಿ ಮುಗಿದ ಮೇಲೆ ನಾಶವಾಗುತ್ತವೆ. ತಾಲೂಕು ಕೇಂದ್ರದ ಕಾಲೇಜುಗಳಲ್ಲಿ ಕಿರುಸಂಶೋಧನೆ ಕೈಗೊಳ್ಳುವ ವಿದ್ಯಾರ್ಥಿಗಳು ತಮ್ಮ ಜಿಲ್ಲೆಯ 1993ರಿಂದ 2008ರವರೆಗಿನ ರೋಜ್‌ಗಾರ್ ಯೋಜನೆಯ ಫಲಾನುಭವಿಗಳನ್ನೂ, ಅರ್ಜಿ ಹಾಕಿ ಸಾಲ ದೊರೆಯದವರನ್ನೂ ಹುಡುಕಿ ಮಾತನಾಡಿಸಲು ಇದು ತಕ್ಕ ಕಾಲ. ಆ ತರುಣರು ಈಗ ನಡುವಯಸ್ಸನ್ನು ದಾಟುತ್ತಿದ್ದಾರೆ. ಹಲವರ ಮನೆಯ ಪೆಟ್ಟಿಗೆಯಲ್ಲಿ ಆ ಕಾಲದ ಅರ್ಜಿಯ ನಕಲೂ ಬ್ಯಾಂಕಿನ ಪಾಸ್‌ಬುಕ್ಕೂ ಇನ್ನೂ ಇದ್ದಾವು.